ಯಾರೂ ಕಾದಿರದ ಚಿತ್ರಗಳು

ಸ್ವಾತಂತ್ರ್ಯಾನಂತರದ ಹಲವು ದಶಕಗಳ ಕಾಲ, ಬೆಳಗಾವಿಯ ಕ್ಯಾಂಪಿನ ಗ್ಲೋಬಿನಲ್ಲಾಗಲಿ, ಊರೊಳಗಣ ಚಿತ್ರಾ, ಪ್ರಕಾಶಗಳಲ್ಲಾಗಲಿ, ಖಾನಾಪುರದತ್ತಣ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಮಳೆ ಹಿಡಿಯುವವರೆಗಿನ ತಿಂಗಳುಗಳಲ್ಲಿ ಬಿಡಾರ ಹೂಡುತ್ತಿದ್ದ ಟೂರಿಂಗ್ ಟಾಕೀಸಿನ ಡೇರೆಯಲ್ಲಾಗಲಿ, ಟಿಕೀಟು ಕೊಂಡು ಒಳಹೊಕ್ಕ ಪ್ರೇಕ್ಷಕನು ತಾನು ನೋಡಬಂದ ಆಟಕ್ಕೆ ಮೊದಲು, ತಾನು ಬಯಸಿರದ, ಹೆಸರನ್ನೂ ಅರಿಯದ ಬೇರೊಂದು ಚಿತ್ರವನ್ನು ನೋಡಲೇಬೇಕಾಗಿತ್ತು. ಅದು ಕಾನೂನಿನ ಕಟ್ಟಳೆ. ಚಿತ್ರಮಂದಿರದ ಪರವಾನಿಗೆ ಪಡೆದವನು ಪ್ರತಿಯೊಂದು ಪ್ರದರ್ಶನದಲ್ಲಿಯೂ ಸರಕಾರವು ಒಪ್ಪಿದ ಚಿತ್ರವೊಂದನ್ನು, 2000 ಅಡಿಗೆ ಮೀರದಂತೆ, ತೋರಿಸತಕ್ಕುದು. ನಿಮಿಷಕ್ಕೆ 90 ಅಡಿಯಂತೆ ಓಡುವ 35 ಮಿಲಿಮೀಟರ್ ರೀಲಿನ ಲೆಕ್ಕದಲ್ಲಿ ಅದು ಇಪ್ಪತ್ತೆರಡು ನಿಮಿಷಗಳಾಗುವುದು. ಈ ನಿಮಿಷಗಳನ್ನು ತುಂಬುವ ಹೊಣೆ 1948ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸರಕಾರಿ ಚಿತ್ರಸಂಸ್ಥೆಯಾದ ಫಿಲ್ಮ್ಸ್ ಡಿವಿಜನ್ನಿನದಾಗಿತ್ತು. ಅದು ತನ್ನ ಚಿತ್ರಗಳಿಗೆ ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳಲ್ಲಿ ಧ್ವನಿ ಕೂಡಿಸಿ ನಾಡಿನ ಮೂಲೆಮೂಲೆಗೆ ಕಳುಹಿಸುತ್ತಿತ್ತು.

ಬಂದುದರಲ್ಲಿ ಬಹುಪಾಲು ಅಣೆಕಟ್ಟು, ಕಾಲುವೆ, ಉಕ್ಕಿನ ಕಾರಖಾನೆ, ವಿದೇಶದ ಅತಿಥಿಗಳ ಆಗಮನ. ಪ್ರೇಕ್ಷಕರು ಆ ಹೊತ್ತನ್ನು ಜಾಗ ಹುಡುಕುವುದಕ್ಕೂ ಶೇಂಗಾದ ಪೊಟ್ಟಣ ಬಿಚ್ಚುವುದಕ್ಕೂ ಬಳಸಿಕೊಳ್ಳುತ್ತಿದ್ದುದು ಸಹಜವೇ. ಆದರೆ ಒಮ್ಮೊಮ್ಮೆ, ಅಣೆಕಟ್ಟಿನ ಸಿಮೆಂಟಿಗೆ ಬದಲು ಬಣ್ಣದ ಗೆರೆಯೊಂದು ಪರದೆಯ ಮೇಲೆ ಎದ್ದು ನಿಂತು ನಡೆಯತೊಡಗುತ್ತಿತ್ತು. ಜಿಂಕೆಯಾಗುತ್ತಿತ್ತು, ಪಾರಿವಾಳವಾಗುತ್ತಿತ್ತು, ಗೋಡೆಗೆ ಬಣ್ಣ ಬಳಿಯುವ ಮನುಷ್ಯನಾಗುತ್ತಿತ್ತು. ಐದಾರು ನಿಮಿಷ. ಅನಂತರ ಮುಖ್ಯ ಚಿತ್ರದ ಹೆಸರು ಮೂಡಿ, ನಾಯಕನ ಮುಖ ಕಂಡು, ಶಿಳ್ಳೆಗಳ ಮಧ್ಯೆ ಆ ಜಿಂಕೆಯೂ ಆ ಪಾರಿವಾಳವೂ ಮರೆತುಹೋಗುತ್ತಿದ್ದುವು.

ಮರೆತುಹೋದ ಆ ಕಿರುಚಿತ್ರಗಳನ್ನು ಇಂದು ಅರಸಿ ಅರಸಿ ನೋಡುವವರು ಹೆಚ್ಚುತ್ತಿದ್ದಾರೆ, ನಾನೂ ಅವರಲ್ಲೊಬ್ಬ. ಈ ಆಕರ್ಷಣೆಗೆ ಹಳತಿನ ಮೇಲಣ ಮಮತೆಯೇ ಕಾರಣವೆಂದು ಹೇಳುವುದು ಸುಲಭ. ಆದರೆ ತಾವು ಹುಟ್ಟುವ ಮೊದಲೇ ತೆರೆಮರೆಗೆ ಸರಿದ ಚಿತ್ರಗಳಿಗೆ ಎಳೆಯರೂ ಮನಸೋಲುವುದನ್ನು ಕಂಡಾಗ ಆ ಉತ್ತರ ಸಾಲದೆಂದು ತೋರುತ್ತದೆ. ನನ್ನ ಮಟ್ಟಿಗೆ ಕಾರಣವು ಬೇರೆ. ತನ್ನ ಕೃತಿಯನ್ನು ನೋಡುವುದಕ್ಕೆಂದು ಒಬ್ಬನೂ ಟಿಕೀಟು ಕೊಂಡಿಲ್ಲವೆಂಬುದನ್ನು ಬಲ್ಲ ಕಲಾವಿದನು, ತನ್ನ ಹೆಸರು ಪರದೆಯ ಮೇಲೆ ಮೂಡುವ ಹೊತ್ತಿಗೆ ಸಭಾಂಗಣದ ಬಾಗಿಲು ಇನ್ನೂ ತೆರೆದಿರುವುದೆಂಬುದನ್ನು ಬಲ್ಲ ಕಲಾವಿದನು, ಆದರೂ ಒಂದು ಜಿಂಕೆಯ ಕಿವಿ ಹೇಗೆ ನಿಮಿರಬೇಕೆಂಬುದನ್ನು ಕುರಿತು ದಿನಗಟ್ಟಲೆ ಧ್ಯಾನಿಸಿದನಲ್ಲ, ಆ ನಿಷ್ಠೆಯು ದಶಕಗಳ ಬಳಿಕವೂ ಪ್ರತಿಯೊಂದು ಗೆರೆಯಲ್ಲಿ ಜೀವಂತವಾಗಿರುವುದು. ಫಲಾಪೇಕ್ಷೆಯಿಲ್ಲದೆ ಮಾಡಿದ ಕೆಲಸಕ್ಕೆ ಒಂದು ಬಗೆಯ ಕಾಂತಿಯುಂಟು. ದೊಡ್ಡ ಚಿತ್ರಗಳು ನಮ್ಮ ಮೆಚ್ಚುಗೆಯನ್ನು ಬೇಡುತ್ತವೆ. ಇವು ಏನನ್ನೂ ಬೇಡುವುದಿಲ್ಲ.

ಆ ನಿಷ್ಠೆಯ ಪ್ರಮಾಣವನ್ನು ಅಂಕಿಗಳಲ್ಲಿಯೇ ನೋಡಬಹುದು. ಚಲನಚಿತ್ರದ ಒಂದು ಸೆಕೆಂಡೆಂದರೆ 24 ಫ್ರೇಮುಗಳು. ಒಂದು ರೇಖಾಚಿತ್ರವನ್ನು ಎರಡೆರಡು ಫ್ರೇಮುಗಳಿಗೆ ಬಳಸಿಕೊಂಡರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಐದು ನಿಮಿಷಗಳ ಚಿತ್ರಕ್ಕೆ 3600. ಪ್ರತಿಯೊಂದನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಸೆಲ್ಲೆಂದು ಕರೆಯುವ ಪಾರದರ್ಶಕ ಹಾಳೆಯ ಮೇಲೆ ಮಸಿಯಿಂದ ತಿದ್ದಿ, ಹಾಳೆಯ ಬೆನ್ನಿಗೆ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಗಾಜಿನಿಂದ ಅದುಮಿ, ಮೇಲಿನಿಂದ ಕ್ಯಾಮರಾ ಒಂದೊಂದೇ ಫ್ರೇಮಾಗಿ ಸೆರೆಹಿಡಿಯಬೇಕು. ಯಂತ್ರವು ಈ ಶ್ರಮವನ್ನು ಮರೆಮಾಚದಿರುವುದೇ ಹಳೆಯ ಚಿತ್ರಗಳ ಸೊಗಸು. ಸಾವಧಾನದಿಂದ ನೋಡಿದರೆ, ನಿಂತಲ್ಲಿಯೇ ನಿಂತ ಪಾತ್ರದ ಅಂಚು ಕೂಡ ಸಣ್ಣಗೆ ನಡುಗುತ್ತಿರುವುದು ಕಾಣುತ್ತದೆ. ಎರಡು ಹಾಳೆಗಳಲ್ಲಿ ಒಂದೇ ಗೆರೆಯನ್ನು ಮನುಷ್ಯನ ಕೈ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರೆಯಲಾರದಷ್ಟೆ. ಸೀರೆಯ ಕೆಂಪು ಒಂದು ಹಾಳೆಯಲ್ಲಿ ತುಸು ದಟ್ಟವಾಗಿ, ಮರುಹಾಳೆಯಲ್ಲಿ ತುಸು ತಿಳಿಯಾಗಿ, ಪರದೆಯ ಮೇಲೆ ಆ ಬಣ್ಣವೇ ಉಸಿರಾಡುವಂತೆ ಮಿನುಗುವುದು. ಸೆಲ್ಲಿನ ಮೇಲೆ ಕುಳಿತ ಧೂಳಿನ ಕಣವೊಂದು ಚಿಕ್ಕೆಯಾಗಿ ಫಕ್ಕನೆ ಹೊಳೆದು ಮಾಯವಾಗುವುದು. ಇಂದಿನ ಗಣಕಯಂತ್ರವು ಇವೆಲ್ಲವನ್ನೂ ದೋಷಗಳೆಂದು ಒರೆಸಿಹಾಕುವುದು. ಆದರೆ ಚಿತ್ರಕಲಾ ಗುರು ಕೆ. ಬಿ. ಕುಲಕರ್ಣಿಯವರಂಥವರು ಪಾಠ ಹೇಳಿದ, ರವಿ ಪರಾಂಜಪೆಯವರಂಥ ಚಿತ್ರಕಾರರು ಅವರ ಕೈಕೆಳಗೆ ಪಳಗಿದ ಈ ಬೆಳಗಾವಿಯಲ್ಲಿ, ಪೆನ್ಸಿಲಿನ ಗೆರೆಯ ಬೆಲೆ ಬಲ್ಲವರಿಗೆ ಆ ನಡುಕವೇ ಸಹಿ.

ಫಿಲ್ಮ್ಸ್ ಡಿವಿಜನ್ನಿನಲ್ಲಿ ಕಾರ್ಟೂನು ವಿಭಾಗವೊಂದು ಆರಂಭವಾದುದು 1956ರಲ್ಲಿ. ಬೆಳಗಾವಿಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೂ ಅದೇ. ಕಲಿಸುವುದಕ್ಕೆಂದು ಅಮೆರಿಕೆಯಿಂದ ಬಂದವರು ಕ್ಲೇರ್ ವೀಕ್ಸ್. ಮಿಶನರಿ ದಂಪತಿಗಳ ಮಗನಾಗಿ ಭಾರತದಲ್ಲಿಯೇ ಹುಟ್ಟಿ, ಮುಂದೆ ವಾಲ್ಟ್ ಡಿಸ್ನಿಯ ಸಂಸ್ಥೆಯಲ್ಲಿ ‘ಸ್ನೋ ವೈಟ್’, ‘ಬ್ಯಾಂಬಿ’ಗಳಿಗೆ ದುಡಿದವರು. ಅವರ ಮಾರ್ಗದರ್ಶನದಲ್ಲಿ ಜಿ. ಕೆ. ಗೋಖಲೆ ಮೊದಲಾದವರು ಸಿದ್ಧಪಡಿಸಿದ ‘ದಿ ಬನಿಯನ್ ಡೀರ್’ 1957ರಲ್ಲಿ ಹೊರಬಂದಿತು. ಅದೇ ಪಾಠಶಾಲೆಯಲ್ಲಿ ಕಲಿತ ತರುಣರಲ್ಲೊಬ್ಬರಾದ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಶನ್ನಿನ ಪಿತಾಮಹರೆನಿಸಿಕೊಂಡರು. ಜಪಾನೀಯರೊಡಗೂಡಿ ರಾಮಾಯಣವನ್ನು ಪೂರ್ಣಪ್ರಮಾಣದ ಕಾರ್ಟೂನಾಗಿಸಿದವರೂ ಅವರೇ.

‘ಬನಿಯನ್ ಡೀರ್’ ಜಾತಕಕಥೆಯನ್ನು ಆಧರಿಸಿದೆ. ಅರಸನ ಬೇಟೆಗೆ ದಿನಕ್ಕೊಂದರಂತೆ ತಲೆಯೊಪ್ಪಿಸಬೇಕಾದ ಜಿಂಕೆಗಳ ಹಿಂಡಿನಲ್ಲಿ ಒಂದು ದಿನ ಸರದಿಯು ಗಬ್ಬದ ಹೆಣ್ಣು ಜಿಂಕೆಯದಾಗಲು, ಅದಕ್ಕೆ ಬದಲಾಗಿ ಹಿಂಡಿನ ಒಡೆಯನೇ ಬಂದು ಕೊರಳೊಡ್ಡುವುದೂ, ಆ ತ್ಯಾಗವನ್ನು ಕಂಡ ಅರಸನು ಬೇಟೆಯನ್ನೇ ತೊರೆಯುವುದೂ ಅದರ ವಸ್ತು. ಗೋವಿನ ಹಾಡನ್ನು ಕೇಳುತ್ತ ಬೆಳೆದ ಕನ್ನಡಿಗನಿಗೆ ಇದನ್ನು ನೋಡುವಾಗ ಪುಣ್ಯಕೋಟಿಯ ನೆನಪು ಬಾರದೆ ಇರದು: ಅಲ್ಲಿ ಕೊಟ್ಟ ಮಾತಿಗಾಗಿ ಹುಲಿಯೆದುರು ಬಂದು ನಿಂತ ತಾಯಿ, ಇಲ್ಲಿ ಇನ್ನೊಂದು ತಾಯಿಗಾಗಿ ಅರಸನೆದುರು ಬಂದು ನಿಂತ ಒಡೆಯ, ಎರಡರಲ್ಲಿಯೂ ಕೊಲ್ಲುವವನ ಹೃದಯವೇ ಕರಗುವುದು. ಡಿಸ್ನಿಯ ಶಿಷ್ಯರು ಬರೆದ ಚಿತ್ರವಾದರೂ ಅದರ ಮನುಷ್ಯರ ನೀಳಗಣ್ಣು, ಬಾಗಿದ ಬೆರಳು, ಆಭರಣಗಳ ವಿನ್ಯಾಸಗಳೆಲ್ಲ ಅಜಂತೆಯ ಗೋಡೆಯಿಂದ ಇಳಿದು ಬಂದಂಥವು. ಹಾಲಿವುಡ್ಡಿನ ಜಿಂಕೆಯ ನೆಗೆತಕ್ಕೂ ಅಜಂತೆಯ ಅರಸನ ನಿಲುವಿಗೂ ನಡುವೆ ಒಂದು ಇಕ್ಕಟ್ಟಿದೆ. ದೇಹಗಳು ಎರಡು ಶಾಸ್ತ್ರಗಳಿಗೆ ಸೇರಿದವು, ಕೆಲವೆಡೆ ಹೊಂದಿಕೊಳ್ಳುವುದಿಲ್ಲ. ಪರಿಪೂರ್ಣವಲ್ಲದ ಈ ಚಿತ್ರವು, ಒಂದು ದೇಶವು ತನ್ನ ಗೆರೆಯನ್ನು ಹುಡುಕಿಕೊಳ್ಳುತ್ತಿರುವ ಹೊತ್ತನ್ನು ಹಾಗೆಯೇ ಹಿಡಿದಿಟ್ಟಿರುವುದರಿಂದ, ನನಗೆ ಎಷ್ಟೋ ಪರಿಪೂರ್ಣ ಚಿತ್ರಗಳಿಗಿಂತ ಪ್ರಿಯವಾಗಿದೆ.

ಬೆಳಗಾವಿಯಂಥ ಊರಿಗೆ ಈ ಕಲೆಯು ಹೊಂದುವುದಕ್ಕೆ ಮತ್ತೊಂದು ಕಾರಣವುಂಟು. ಕನ್ನಡವೂ ಮರಾಠಿಯೂ ಒಂದೇ ಗಲ್ಲಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಮಾತಾಗುವ ಇಲ್ಲಿ, ಖಡೇಬಜಾರಿನಿಂದ ಕ್ಯಾಂಪಿನತ್ತ ನಡೆದರೆ ಉರ್ದೂ, ಕೊಂಕಣಿ, ಇಂಗ್ಲಿಷುಗಳೂ ಕಿವಿಗೆ ಬೀಳುವ ಇಲ್ಲಿ, ಮಾತಿಗೆ ಮುನ್ನವೇ ಅರ್ಥವಾಗುವ ಚಿತ್ರಕ್ಕೆ ಎಲ್ಲರೂ ಒಟ್ಟಿಗೆ ನಗಬಲ್ಲರು. ಈ ಸೀಮೆಗೆ ಇದು ಹೊಸದೂ ಅಲ್ಲ. ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನಾಡಿ, ಪರದೆಯ ಹಿಂದೆ ನಿಂತಾಗ ಕನ್ನಡದಲ್ಲಿ ರಾಮಾಯಣ ಮಹಾಭಾರತಗಳನ್ನು ಹಾಡುವವರು. ದೀಪದ ಮುಂದೆ ಬಣ್ಣದ ಚರ್ಮವನ್ನು ಕುಣಿಸಿ ಬಟ್ಟೆಯ ಮೇಲೆ ಹನುಮಂತನನ್ನು ಹಾರಿಸಿದವರು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕತ್ತರಿಯಿಂದ ಕಪ್ಪು ಕಾಗದವನ್ನು ಕತ್ತರಿಸಿ, ಕೀಲುಗಳಿಗೆ ತಂತಿ ಕಟ್ಟಿ, ಕೆಳಗಿನಿಂದ ಬೆಳಕು ಬಿದ್ದ ಗಾಜಿನ ಮೇಲೆ ಮಲಗಿಸಿ, ಮೂರು ವರ್ಷ ದುಡಿದು 1926ರಲ್ಲಿ ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ನೆರಳುಚಿತ್ರಕಾವ್ಯವನ್ನು ಮುಗಿಸಿದಳು. ಆಮೇಲೆ ‘ಪಾಪಾಗೆನೊ’ದಂಥ ಎಷ್ಟೋ ಕಿರುಚಿತ್ರಗಳನ್ನು ಮಾಡಿದಳು. ಕಿಳ್ಳೇಕ್ಯಾತರ ಆಟವನ್ನು ಕಂಡ ಕಣ್ಣಿಗೆ ಅವಳ ಚಿತ್ರ ಪರದೇಶದ್ದೆನಿಸುವುದಿಲ್ಲ. ನೆರಳಿಗೆ ಮುಖಭಾವವಿಲ್ಲ, ಕತ್ತಿನ ಒಂದು ಬಾಗು, ಕೈಯ ಒಂದು ಎತ್ತುಗೆ, ಇಷ್ಟರಲ್ಲಿಯೇ ಶೋಕವೂ ಶೃಂಗಾರವೂ ಆಗಬೇಕು. ಇಬ್ಬರೂ ಅದನ್ನು ಬಲ್ಲರು.

ಮೊದಲಲ್ಲಿಯೇ ಖಾನಾಪುರದ ಪ್ರಸ್ತಾಪ ಬಂದುದರಿಂದ ಮಣ್ಣನ್ನು ಬಿಟ್ಟು ಮಾತಾಡಲಾಗದು. ಮಲಪ್ರಭೆಯ ದಂಡೆಯ ಈ ಊರು ಹಂಚು-ಮಡಕೆಗಳಿಗೆ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಭಕಲಾ ಸಂಸ್ಥೆ ಇರುವುದೂ ಇಲ್ಲಿಯೇ. ಚಿತ್ರಕ್ಕೆ ಚಲನೆ ಕೊಡುವ ಆಸೆ ಮೊದಲು ಹುಟ್ಟಿದುದು ಒಬ್ಬ ಕುಂಬಾರನ ಮನಸ್ಸಿನಲ್ಲಿಯೇ ಇದ್ದಿರಬಹುದೆಂದು ಹೇಳಿದರೆ ಖಾನಾಪುರದವರು ಹಿಗ್ಗಬಹುದು. ಇರಾನ್ ದೇಶದ ಶಹರ್-ಎ-ಸೊಖ್ತೆ ಎಂಬ ಹಾಳೂರಿನ ಸಮಾಧಿಯೊಂದರಲ್ಲಿ ದೊರೆತ, ಸುಮಾರು 5000 ವರ್ಷಗಳಷ್ಟು ಹಳೆಯ ಮಣ್ಣಿನ ಬಟ್ಟಲೊಂದರ ಸುತ್ತ ಐದು ಚಿತ್ರಗಳಿವೆ: ಮೇಕೆಯೊಂದು ಮರದತ್ತ ಬರುವುದು, ನೆಗೆಯುವುದು, ಎಲೆಗೆ ಬಾಯಿ ಹಾಕುವುದು. ಬಟ್ಟಲನ್ನು ತಿರುಗಿಸುತ್ತ ಹೋದರೆ ಕಣ್ಣು ಐದನ್ನೂ ಒಂದೇ ಮೇಕೆಯ ನೆಗೆತವಾಗಿ ಓದಿಕೊಳ್ಳುವುದು. ತಿರುಗುವ ಗಾಲಿಯೆದುರು ದಿನವೆಲ್ಲ ಕುಳಿತಿರುವಾತನಿಗೆ ಈ ಯೋಚನೆ ಹೊಳೆದುದರಲ್ಲಿ ಆಶ್ಚರ್ಯವೇನು? 1832ರಲ್ಲಿ ಬೆಲ್ಜಿಯಮಿನ ಜೋಸೆಫ್ ಪ್ಲಾಟೋ ಎಂಬ ವಿಜ್ಞಾನಿಯು ಚಿತ್ರಗಳನ್ನು ಬರೆದ ಬಿಲ್ಲೆಯನ್ನು ತಿರುಗಿಸಿ, ಸೀಳುಗಂಡಿಗಳ ಮೂಲಕ ಕನ್ನಡಿಯಲ್ಲಿ ನೋಡಿ ಚಲನೆಯನ್ನು ಕಂಡನಲ್ಲ, ಅದೂ ಒಂದು ತಿಗುರಿಯೇ.

ಇದೇ ಖಾನಾಪುರ ತಾಲೂಕಿನ ಪಶ್ಚಿಮದ ಅಡವಿಯಂಚಿನ ಹಳ್ಳಿಗಳಿಗೆ ಮಲೆನಾಡ ಚಳಿಜ್ವರವು ಹಿಂದೆ ಬಿಡದ ಪೀಡೆ. ನೆರೆಯ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ 1946ರ ಹೊತ್ತಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭವಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೇ ಬಂದಿತು. ಆ ದೃಷ್ಟಿಯಿಂದ ಸೊಳ್ಳೆಯನ್ನು ಕುರಿತ ಎರಡು ಹಳೆಯ ಕಾರ್ಟೂನುಗಳು ನನ್ನನ್ನು ಬಹಳ ಸೆಳೆದಿವೆ. ಮೊದಲನೆಯದು ಅಮೆರಿಕೆಯ ವಿನ್ಸರ್ ಮೆಕೇ 1912ರಲ್ಲಿ ಸುಮಾರು 6000 ರೇಖಾಚಿತ್ರಗಳಿಂದ ಮಾಡಿದ್ದು. ತಲೆಯ ಮೇಲೆ ಎತ್ತರದ ಟೋಪಿ, ಕೈಯಲ್ಲಿ ಪೆಟ್ಟಿಗೆ ಹಿಡಿದ ಸೊಳ್ಳೆಯೊಂದು ಮಲಗಿದವನ ಕೋಣೆ ಹೊಗುವುದು. ಸಾಣೆಕಲ್ಲನ್ನು ತೆಗೆದು ತನ್ನ ಸೊಂಡಿಲನ್ನು ಮಸೆಯುವುದು. ಹೀರುತ್ತ ಹೀರುತ್ತ ಹೊಟ್ಟೆಯು ಬುಗ್ಗೆಯಾಗಿ, ತೃಪ್ತಿಯಿಲ್ಲದ ಆಸೆಯಿಂದ ಕೊನೆಗೆ ಸಿಡಿದುಹೋಗುವುದು. ಇದರಲ್ಲಿ ನಗುವಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಭಾರದ ಅರಿವು: ರಕ್ತ ತುಂಬಿದಂತೆಲ್ಲ ಸೊಳ್ಳೆಯ ಕಾಲುಗಳು ಕುಸಿಯುವುದನ್ನೂ, ರೆಕ್ಕೆಯ ಬಡಿತ ನಿಧಾನವಾಗುವುದನ್ನೂ ಮೆಕೇ ತೂಕಮಾಡಿ ಬರೆದಿದ್ದಾನೆ. ಎರಡನೆಯದು ಡಿಸ್ನಿಯವರ 1943ರ ‘ದಿ ವಿಂಗ್ಡ್ ಸ್ಕರ್ಜ್’. ಸೊಳ್ಳೆಯ ಭಾವಚಿತ್ರವನ್ನು ತಲೆಮರೆಸಿಕೊಂಡ ಅಪರಾಧಿಯಂತೆ ಗೋಡೆಗೆ ಅಂಟಿಸಿ, ಅದನ್ನು ಹಿಡಿಯಲು ಸ್ನೋ ವೈಟ್ ಕಥೆಯ ಏಳು ಮಂದಿ ಕುಳ್ಳರನ್ನೇ ಕರೆತಂದ ಆರೋಗ್ಯಪ್ರಚಾರದ ಚಿತ್ರ ಅದು. ಒಬ್ಬ ನೀರಿನ ಮೇಲೆ ಎಣ್ಣೆ ಸುರಿಯುವನು, ಒಬ್ಬ ಹೊಂಡ ಮುಚ್ಚುವನು, ಒಬ್ಬ ಕಿಟಕಿಗೆ ಜಾಲರಿ ಬಡಿಯುವನು. ಪ್ರಚಾರವೆಂದು ಮೂಗು ಮುರಿಯುವವರ ಮಾತಿಗೆ ನಾನು ಒಪ್ಪುವವನಲ್ಲ. ಜ್ವರದಿಂದ ಮಗುವನ್ನು ಕಳೆದುಕೊಂಡ ಹಳ್ಳಿಯಲ್ಲಿ ನಿಂತ ನೀರು ಮೃತ್ಯುವೆಂಬುದನ್ನು ನಗಿಸುತ್ತ ತಿಳಿಸಬಲ್ಲ ಗೆರೆಯು ಕಲೆಯ ಯಾವ ಅಂತಸ್ತಿಗೂ ಕಡಿಮೆಯಾದುದಲ್ಲ.

ಫಿಲ್ಮ್ಸ್ ಡಿವಿಜನ್ನಿನ ನಿಜವಾದ ಅಚ್ಚರಿ ಪ್ರಮೋದ ಪತಿ. ಒಡಿಶಾದ ಕಟಕದವರು, ಚೆಕೊಸ್ಲೊವಾಕಿಯಕ್ಕೆ ಹೋಗಿ ಗೊಂಬೆಚಿತ್ರಗಳ ಮಹಾಕಲಾವಿದ ಇರ್ಜಿ ತ್ರಂಕನ ಬಳಿ ಕಲಿತು ಬಂದವರು, 1975ರಲ್ಲಿ, ನಲವತ್ತೆರಡರ ಹರೆಯದಲ್ಲಿಯೇ, ತೀರಿಹೋದವರು. 1968ರ ‘ಎಕ್ಸ್‌ಪ್ಲೋರರ್’, 1970ರ ‘ಟ್ರಿಪ್’, 1972ರ ‘ಆಬಿದ್’ ಇವು ಸರಕಾರದ ಹಣದಿಂದ, ಸರಕಾರದ ಛಾಪಿನಡಿ ಆದ ಚಿತ್ರಗಳೆಂದು ನಂಬುವುದೇ ಕಷ್ಟ. ‘ಆಬಿದ್’ ಚಿತ್ರಕಾರ ಆಬಿದ್ ಸುರತಿಯವರನ್ನು ಕುರಿತದ್ದು. ಇಲ್ಲಿ ರೇಖಾಚಿತ್ರವಿಲ್ಲ, ಜೀವಂತ ಮನುಷ್ಯನನ್ನೇ ಗೊಂಬೆಯಂತೆ ಒಂದು ಭಂಗಿಯಲ್ಲಿ ನಿಲ್ಲಿಸಿ ಒಂದು ಫ್ರೇಮು ತೆಗೆದು, ಅಂಗುಲದಷ್ಟು ಸರಿಸಿ ಮತ್ತೊಂದು ಫ್ರೇಮು ತೆಗೆದು ಕಟ್ಟುವ ವಿಧಾನ. ಆದುದರಿಂದ ಪರದೆಯ ಮೇಲೆ ಆಬಿದರು ಹೆಜ್ಜೆಯಿಡದೆಯೇ ಜಾರುತ್ತಾರೆ. ಬರಿಗೋಡೆಗಳ ಮೇಲೆ ಬಣ್ಣವು ತಾನೇ ತಾನಾಗಿ ಹಬ್ಬುತ್ತ, ಕೋಣೆಯೆಂಬುದೇ ಚಿತ್ರವಾಗಿ, ಚಿತ್ರಕಾರನು ತನ್ನ ಚಿತ್ರದೊಳಗೆ ವಾಸಿಸತೊಡಗುತ್ತಾನೆ. ಐದೇ ನಿಮಿಷಗಳ ಈ ಚಿತ್ರಕ್ಕಾಗಿ ಆ ಮನುಷ್ಯನು ಎಷ್ಟು ಸಾವಿರ ಸಲ ಉಸಿರು ಬಿಗಿಹಿಡಿದು ನಿಂತಿರಬೇಕು!

ಎಲ್ಲರೂ ಬಲ್ಲ ಒಂದು ಚಿತ್ರವೂ ಈ ಬಳಗದಲ್ಲುಂಟು: 1974ರ ‘ಏಕ್ ಅನೇಕ್ ಔರ್ ಏಕತಾ’. ದೂರದರ್ಶನವಿದ್ದ ಮನೆಯ ಮಕ್ಕಳೆಲ್ಲ ಅದನ್ನು ಕಂಡವರೇ. ಅಕ್ಕನು ತಮ್ಮನಿಗೆ ಒಂದು ಎಂದರೇನು, ಅನೇಕವೆಂದರೇನು ಎಂದು ಸೂರ್ಯ, ನಕ್ಷತ್ರ, ಅಳಿಲುಗಳ ನೆರವಿನಿಂದ ತಿಳಿಹೇಳಿ, ಬೇಡನ ಬಲೆಯನ್ನೇ ಹೊತ್ತು ಹಾರಿದ ಪಾರಿವಾಳಗಳ ಕಥೆಗೆ ಬರುತ್ತಾಳೆ. ನಿರ್ದೇಶನ ವಿಜಯಾ ಮುಳೆಯವರದು, ಗೆರೆಗಳು ಭೀಮಸೇನರವು. ಅದರ ಸಂಗೀತವನ್ನು ಕಟ್ಟಿದ ವಸಂತ ದೇಸಾಯಿಯವರು ಹುಟ್ಟಿದುದು ಖಾನಾಪುರದ ಘಟ್ಟ ಇಳಿದರೆ ಸಿಗುವ ಸಾವಂತವಾಡಿ ಸೀಮೆಯಲ್ಲಿ, ಬೆಳೆದುದು ಕೊಲ್ಹಾಪುರದಲ್ಲಿ ಹುಟ್ಟಿ ಪುಣೆಗೆ ಹೋದ ಪ್ರಭಾತ ಚಿತ್ರಸಂಸ್ಥೆಯಲ್ಲಿ. ಪಂಚತಂತ್ರವನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ನಾಡಿನಲ್ಲಿ ಇಂಥ ಕಥೆಗೆ ಪೀಠಿಕೆ ಬೇಕಿಲ್ಲ. ಭೀಮಸೇನರ 1970ರ ‘ದಿ ಕ್ಲೈಂಬ್’ ಶಿಕಾಗೋದ ಚಿತ್ರೋತ್ಸವದಲ್ಲಿ ಬೆಳ್ಳಿಯ ಹ್ಯೂಗೋ ಪ್ರಶಸ್ತಿ ಪಡೆಯಿತೆಂಬುದನ್ನು ಬಲ್ಲವರು ಮಾತ್ರ ವಿರಳ.

ಉಳಿದವುಗಳ ಮಾತು ಇದಾಯಿತು. ಅಳಿದವುಗಳನ್ನು ನೆನೆದರೆ ಎದೆ ಭಾರವಾಗುವುದು. ದಾದಾಸಾಹೇಬ ಫಾಲಕೆಯವರು 1915ರಲ್ಲಿ ಬೆಂಕಿಕಡ್ಡಿಗಳನ್ನು ಒಂದೊಂದೇ ಫ್ರೇಮಾಗಿ ಸರಿಸಿ ಕುಣಿಸಿದ ‘ಆಗಕಾಡ್ಯಾಂಚೀ ಮೌಜ’ ಇಂದು ನೋಡಲು ಸಿಗದು. ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನ ಗುಣಮಯ ಬ್ಯಾನರ್ಜಿಯವರ 1934ರ ‘ದಿ ಪೀ ಬ್ರದರ್ಸ್’, ಅದೇ ಕಾಲಕ್ಕೆ ಪ್ರಭಾತದವರು ಮಾಡಿದ ‘ಜಂಬೂ ಕಾಕಾ’ ಇವು ಇತಿಹಾಸದ ಪುಟಗಳಲ್ಲಿ ಹೆಸರುಗಳಾಗಿ ನಿಂತಿವೆ. ಹಳೆಯ ನೈಟ್ರೇಟ್ ಫಿಲ್ಮಿಗೆ ಬೆಂಕಿಯೇ ವೈರಿ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಪ್ರಭಾತದ ಅಮೂಲ್ಯ ಮೂಲಪ್ರತಿಗಳೆಷ್ಟೋ ಬೂದಿಯಾದುವು. ಅನಂತರ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯ ಕಡಿಮೆ, ತೇವದ ಭಯ ಹೆಚ್ಚು: ಡಬ್ಬಿಯ ಮುಚ್ಚಳ ತೆಗೆದೊಡನೆ ಹುಳಿಯ ಘಾಟು ಮೂಗಿಗಡರಿದರೆ ರೀಲು ಒಳಗಿನಿಂದ ಕರಗುತ್ತಿದೆಯೆಂದರ್ಥ. ಕಣಕುಂಬಿಯ ಮಳೆಯನ್ನು ಬಲ್ಲವರಿಗೆ, ಶ್ರಾವಣದಲ್ಲಿ ಗೋಡೆಗೆ ನೇತುಹಾಕಿದ ಚರ್ಮದ ಚೀಲಕ್ಕೂ ಬೂಷ್ಟು ಹಿಡಿಯುವ ಖಾನಾಪುರದವರಿಗೆ, ಇದನ್ನು ವಿವರಿಸಬೇಕಾದುದಿಲ್ಲ.

ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅದರ ಎಷ್ಟೋ ಚಿತ್ರಗಳು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ಅದು ದೊಡ್ಡ ಉಪಕಾರ. ಆದರೆ ಕನ್ನಡದ ಧ್ವನಿ ಕೂಡಿಸಿದ ಪ್ರತಿಗಳ ಮೇಲೆ ನನ್ನ ಆಸೆ ನೆಟ್ಟಿದೆ. ಅಂದಿನ ಕನ್ನಡ ನಿರೂಪಣೆಯ ಆ ಗಂಭೀರವಾದ, ಒಂದೊಂದು ಪದವನ್ನೂ ನಿಲ್ಲಿಸಿ ಆಡುವ ಧಾಟಿಯು ನಮ್ಮ ಭಾಷೆಯ ಚರಿತ್ರೆಗೆ ಸೇರಿದುದು. ಜಿಂಕೆಯನ್ನು ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಕೇಳಿ ನಾವು ತೃಪ್ತರಾಗಬಾರದು. ಮುಚ್ಚಿದ ಟಾಕೀಸಿನ ಅಟ್ಟದಲ್ಲಿ, ಶಾಲೆಯ ಹಳೆಯ ಕಪಾಟಿನಲ್ಲಿ, 16 ಮಿಲಿಮೀಟರ್ ಪ್ರೊಜೆಕ್ಟರಿನ ಜೊತೆಗೆ ಬಿದ್ದಿರುವ ಡಬ್ಬಿಗಳಲ್ಲಿ ಅಂಥದೊಂದು ಇದ್ದರೆ, ಕುತೂಹಲಕ್ಕಾಗಿ ಅದನ್ನು ಯಂತ್ರಕ್ಕೆ ಹಾಕಿ ಓಡಿಸಬಾರದು. ಒಣಗಿದ ಫಿಲ್ಮಿನ ಕಂಡಿಗಳು ಹರಿಯುತ್ತವೆ. ಬಿಸಿಲಿಗೆ ಬಿಚ್ಚಿಡಲೂಬಾರದು. ತಂಪಾದ ಒಣಜಾಗದಲ್ಲಿರಿಸಿ, ಡಬ್ಬಿಯ ಮೇಲಿನ ಚೀಟಿಯನ್ನು ಹಾಗೆಯೇ ಉಳಿಸಿ, ಪುಣೆಯ ಸಂಗ್ರಹಾಲಯಕ್ಕೆ ತಿಳಿಸುವುದು ಮೇಲು. ಪುಣೆಯು ಬೆಳಗಾವಿಗೆ ಒಂದೇ ಹಗಲಿನ ದಾರಿ.

ಮತ್ತು ಇವನ್ನು ಒಬ್ಬೊಬ್ಬರೇ ಅಂಗೈಯ ಪರದೆಯಲ್ಲಿ ನೋಡುವುದಕ್ಕಿಂತ ಹತ್ತಾರು ಮಂದಿ ಕತ್ತಲಲ್ಲಿ ಒಟ್ಟಿಗೆ ಕುಳಿತು ನೋಡುವುದು ಲೇಸು, ಅವು ಅದಕ್ಕಾಗಿಯೇ ಆದಂಥವು. ಖಾನಾಪುರದ ಶಾಲೆಯೊಂದರ ಸುಣ್ಣ ಬಳಿದ ಗೋಡೆ ಸಾಕು. ಗೋವಿನ ಹಾಡನ್ನು ಮಕ್ಕಳಿಂದಲೇ ಹಾಡಿಸಿ ‘ಬನಿಯನ್ ಡೀರ್’ ತೋರಿಸಬಹುದು. ಮೆಕೇಯ ಸೊಳ್ಳೆಯನ್ನು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ತೋರಿಸಬಹುದು. ‘ಆಬಿದ್’ ಮುಗಿದ ಮರುಗಳಿಗೆಯಲ್ಲಿ ಮಕ್ಕಳಿಗೆ ಒಂದು ಬೆಂಕಿಪೆಟ್ಟಿಗೆಯನ್ನೂ ಅಲುಗಾಡದಂತೆ ನಿಲ್ಲಿಸಿದ ಒಂದು ಮೊಬೈಲನ್ನೂ ಕೊಡಬಹುದು. ಸೆಕೆಂಡಿಗೆ 12 ಚಿತ್ರಗಳಂತೆ ಹತ್ತು ಸೆಕೆಂಡಿಗೆ 120 ಸಲ ಕಡ್ಡಿಗಳನ್ನು ಸರಿಸಿದರೆ, ಫಾಲಕೆಯವರು 1915ರಲ್ಲಿ ಮಾಡಿ ನಾವು ಕಳೆದುಕೊಂಡ ಆ ಕೆಲಸವನ್ನು ಮಕ್ಕಳು ಒಂದು ಮಧ್ಯಾಹ್ನದಲ್ಲಿ ತಾವೇ ಮಾಡಿ ನೋಡಬಲ್ಲರು.